ಪುಣೆಯಲ್ಲೊಂದು ದಿನ: ಬೆನ್ನಿಗೆ ಚೀಲ, ಬಾಯಲ್ಲಿ ಕನ್ನಡ

ನಮ್ಮ ಭಾನುವಾರದ ಕನ್ನಡ ತರಗತಿಯ ಹುಡುಗ ಹುಡುಗಿಯರೇ,

ಕಳೆದ ವರ್ಷದ ಕೊನೆಯ ತರಗತಿ ನಿಮಗೆ ನೆನಪಿರಬಹುದು. ಹನ್ನೆರಡು ಕುರ್ಚಿ ಹಾಕಿದ್ದೆ, ಬಂದವರು ನಾಲ್ಕು ಜನ. ಒತ್ತಕ್ಷರ ಬರೆಸುತ್ತಿದ್ದಾಗ ನಿಮ್ಮಲ್ಲೊಬ್ಬಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು: "ಆಂಟಿ, ಬೆಂಗಳೂರಿನಲ್ಲಿರೋ ನನ್ನ ಕಸಿನ್‌ಗಳೇ ಇಂಗ್ಲಿಷ್ ಮಾತಾಡ್ತಾರೆ. ಕರ್ನಾಟಕದ ಹೊರಗೆ ಹುಟ್ಟಿದ ನಾವು ಇದನ್ನ ಯಾಕೆ ಕಲೀಬೇಕು?" ನಾನು ಮಾತೃಭಾಷೆ, ಸಂಸ್ಕೃತಿ, ಬೇರು ಎಂದೆಲ್ಲ ಏನೇನೋ ಹೇಳಿದೆ. ಅವಳು ವಿನಯದಿಂದ ತಲೆಯಾಡಿಸಿದಳು. ಆ ವಿನಯವೇ ನನ್ನನ್ನು ಚುಚ್ಚಿತು. ಅವಳಿಗಿಂತ ಮೊದಲು ನನಗೇ ಆ ಉತ್ತರ ರುಚಿಸಿರಲಿಲ್ಲ.

ಈ ಜನವರಿಯಲ್ಲಿ ಹುಬ್ಬಳ್ಳಿಗೆ ಹೋಗಿದ್ದೆ. ಮುಂಬಯಿಯಿಂದ ವಿಮಾನ ಹತ್ತುವ ಮೊದಲು ಒಂದು ಇಡೀ ದಿನ ಕೈಯಲ್ಲಿ ಉಳಿಯಿತು. ಪುಣೆ ನಾನು ನೋಡಿರದ ಊರು. ದೊಡ್ಡ ಪೆಟ್ಟಿಗೆಗಳನ್ನು ಮುಂಬಯಿಗೆ ಕಾರಿನಲ್ಲಿ ಹೊರಟಿದ್ದ ಬಂಧುಗಳ ಜೊತೆ ಕಳಿಸಿ, ಮಗನ ಹಳೆಯ ಕಾಲೇಜು ಚೀಲವನ್ನು ಬೆನ್ನಿಗೆ ಹಾಕಿಕೊಂಡೆ. ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಒಂದು ಟವೆಲು, ಅತ್ತಿಗೆ ಕಟ್ಟಿಕೊಟ್ಟ ಧಾರವಾಡ ಪೇಡೆ. ಐವತ್ತೆಂಟರ ಹೆಂಗಸು ಹುಡುಗರಂತೆ ಚೀಲ ಹೊತ್ತು ಒಬ್ಬಳೇ ಹೊರಟದ್ದು ನೋಡಿ ಅಣ್ಣನಿಗೆ ನಗು, ಜೊತೆಗೆ ಆತಂಕ. ಬಸ್ಸಿನ ಕಿಟಕಿಯ ಹತ್ತಿರ ಬಂದು ಕೊನೆಯ ಮಾತು ಹೇಳಿದ: "ನೋಡವಾ ತಂಗಿ, ಅಲ್ಲಿ ಕನ್ನಡ ಮಾತಾಡಾಕ ಹೋಗಬ್ಯಾಡ. ಹಿಂದಿ ಹೊಡಿ, ಸಾಕು."

ಅವನ ಮಾತಿಗೆ ಕಾರಣವಿದೆ. ಬೆಳಗಾವಿಯ ಗಡಿಯ ಜಗಳ ನಿಮ್ಮ ಅಪ್ಪ ಅಮ್ಮ ಹುಟ್ಟುವ ಮೊದಲಿನದು. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಮಾಡಿದಾಗ ಶುರುವಾಗಿ, ಆಗಾಗ ಹೊಗೆಯಾಡುತ್ತಲೇ ಇದೆ. 2022ರ ಕೊನೆಯಲ್ಲಿ ಎರಡೂ ಕಡೆ ಬಸ್ಸುಗಳಿಗೆ ಮಸಿ ಬಳಿದರು, ಕೆಲವು ದಿನ ಸಂಚಾರವೇ ನಿಂತಿತ್ತು. ಹಾಗಾಗಿ ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಬೆಳಗಿನ ಜಾವ ಸ್ವಾರಗೇಟ್ ನಿಲ್ದಾಣದಲ್ಲಿ ಇಳಿದಾಗ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ.

ಎಷ್ಟು ಹೊತ್ತು? ಅರ್ಧ ಗಂಟೆ ಅಷ್ಟೆ! ನಿಲ್ದಾಣದಿಂದ ಸ್ವಲ್ಪ ಮುಂದೆ, ರಸ್ತೆಯ ಪಕ್ಕದಲ್ಲಿ ದಿನಗೂಲಿಗಾಗಿ ಕಾಯುತ್ತ ಒಂದು ಗುಂಪು ನಿಂತಿತ್ತು. ಬುತ್ತಿಯ ಗಂಟು, ಸಿಮೆಂಟಿನ ಬುಟ್ಟಿ, ತಲೆಗೆ ಸುತ್ತಿದ ಸೆರಗು. ಅವರಲ್ಲೊಬ್ಬಳು ನನ್ನ ಕೈಗಡಿಯಾರ ನೋಡಿ ಮರಾಠಿಯಲ್ಲಿ ಏನೋ ಕೇಳಿದಳು. ನಾನು ತಡವರಿಸಿದೆ. ಅವಳು ಪಕ್ಕದವಳ ಕಡೆ ತಿರುಗಿ, "ಈ ಯಕ್ಕಗ ತಿಳಿವಲ್ದು ನೋಡ" ಎಂದಳು. ನಾನು ತಡೆಯಲಾರದೆ, "ಆರೂವರಿ ಆತವ್ವಾ" ಎಂದುಬಿಟ್ಟೆ.

ಇಡೀ ಗುಂಪು ನನ್ನ ಕಡೆ ತಿರುಗಿತು. "ಅಯ್ಯ! ನಮ್ಮ ಕಡಿಯಾಕಿನೇ ಏನ ನೀನು?" ಅವರು ಯಾದಗಿರಿ ಕಡೆಯವರು. ಪುಣೆಯಲ್ಲಿ ಎದ್ದು ನಿಂತಿರುವ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು ಬಹಳ. ಮಳೆ ಕೈಕೊಟ್ಟರೆ ಹೊಲ ಬಿಟ್ಟು ಬರುತ್ತಾರೆ. ಕೆಲವರು ಮರಳುತ್ತಾರೆ, ಕೆಲವರು ಇಲ್ಲೇ ಉಳಿಯುತ್ತಾರೆ. "ಮಗ ಮರಾಠಿ ಸಾಲಿಗೆ ಹೊಕ್ಕಾನ. ಮನ್ಯಾಗ ಮಾತ್ರ ನಮ್ಮ ಮಾತು" ಎಂದಳು ಆಕೆ. ಪೇಡೆಯ ಪೊಟ್ಟಣ ಅಲ್ಲೇ ಅರ್ಧ ಖಾಲಿಯಾಯಿತು. ಅಣ್ಣನ ಬುದ್ಧಿವಾದವೂ ಅದರ ಜೊತೆಗೇ ಮುಗಿಯಿತು.

ನೀವು ಯಾವತ್ತಾದರೂ ಹೀಗೆ ಚೀಲ ಹೊತ್ತು ಪುಣೆಗೆ ಹೋದರೆ ನಾನು ನಡೆದ ದಾರಿಯಲ್ಲೇ ನಡೆಯಿರಿ. ಸ್ವಾರಗೇಟಿನಿಂದ ಉತ್ತರಕ್ಕೆ ಹಳೆಯ ಪೇಟೆಗಳು, ಅಲ್ಲಿಂದ ಮುಠಾ ನದಿ ದಾಟಿ ಪಶ್ಚಿಮಕ್ಕೆ, ಮತ್ತೆ ಸುತ್ತಿ ವಾಪಸ್ಸು. ಕಾಲು ಸೋತರೆ ಈಗ ಮೆಟ್ರೋ ಇದೆ. ಮೊದಲ ಭಾಗ 2022ರಲ್ಲಿ ಶುರುವಾಗಿ, 2024ರಲ್ಲಿ ಸ್ವಾರಗೇಟ್ ತನಕ ಬಂತು. ಆದರೆ ಹಳೆಯ ಊರನ್ನು ಕಾಲಿನಿಂದಲೇ ನೋಡಬೇಕು. ಎರಡು ಮಾತು ಮಾತ್ರ ಬಾಯಿಪಾಠ ಮಾಡಿಕೊಳ್ಳಿ: "ಕುಠೇ ಆಹೇ?" ಎಂದರೆ ಎಲ್ಲಿದೆ, "ಕಿತಿ ಝಾಲೇ?" ಎಂದರೆ ಎಷ್ಟಾಯಿತು. ಉಳಿದದ್ದಕ್ಕೆ ನಿಮ್ಮ ಕನ್ನಡವೇ ಅಲ್ಲಲ್ಲಿ ಕೈಹಿಡಿಯುತ್ತದೆ, ನೋಡುವಿರಂತೆ.

ಹಳೆಯ ಪುಣೆ ಎಂದರೆ ವಾರದ ಏಳೂ ದಿನಗಳ ಹೆಸರಿನ ಪೇಟೆಗಳು. ಸೋಮವಾರ ಪೇಠ, ಮಂಗಳವಾರ ಪೇಠದಿಂದ ಹಿಡಿದು ರವಿವಾರ ಪೇಠದ ತನಕ. ಒಂದೇ ಬೆಳಿಗ್ಗೆ ಶುಕ್ರವಾರದಿಂದ ಬುಧವಾರಕ್ಕೆ, ಬುಧವಾರದಿಂದ ಶನಿವಾರಕ್ಕೆ ನಡೆದುಹೋಗುವ ಮೋಜು ಬೇರೆಲ್ಲಿ ಸಿಕ್ಕೀತು? ಮನೆಗಳ ಬಾಗಿಲ ಮೇಲಿನ ಫಲಕಗಳನ್ನು ಓದುತ್ತ ಹೋಗಿ. ಪುಣೇರಿ ಪಾಟಿ ಎಂದೇ ಅವು ಹೆಸರುವಾಸಿ. ಗಂಟೆ ಒಂದೇ ಸಲ ಒತ್ತಿ, ಮನೆಯವರು ಕಿವುಡರಲ್ಲ ಎನ್ನುವ ಧಾಟಿಯವು. ದೇವನಾಗರಿ ಲಿಪಿ ಬಂದರೆ ಸಾಕು, ನಗುತ್ತಾ ಮರಾಠಿ ಕಲಿಯಬಹುದು.

ಮೊದಲು ಮಂಡಈ ಎನ್ನುವ ತರಕಾರಿ ಮಾರುಕಟ್ಟೆ. 1886ರಲ್ಲಿ ಬ್ರಿಟಿಷರ ಕಾಲದಲ್ಲಿ ತೆರೆದದ್ದು, ಆಗ ಮುಂಬಯಿ ಗವರ್ನರನ ಹೆಸರಿನಲ್ಲಿ ರೇ ಮಾರ್ಕೆಟ್ ಎನ್ನುತ್ತಿದ್ದರು. ಈಗ ಮಹಾತ್ಮಾ ಫುಲೆಯವರ ಹೆಸರಿದೆ. ಎಂಟು ಮೂಲೆಯ ನಡುಮನೆ, ಅದರ ಮೇಲೆ ಎತ್ತರದ ಗೋಪುರ. ಹೊರಗೆ ಒಬ್ಬ ಎಲೆ ಅಡಿಕೆಯ ಮುದುಕ ಅಡಿಕೆ ಕತ್ತರಿಸುತ್ತಿದ್ದ. ಆ ಸಾಧನಕ್ಕೆ ಏನೆನ್ನುತ್ತೀರಿ ಎಂದು ಕೈಸನ್ನೆಯಿಂದ ಕೇಳಿದೆ. "ಅಡಕಿತ್ತಾ" ಎಂದ. ನಮ್ಮ ಅಡಕತ್ತು! ಮರಾಠಿಯ ಈ ಮಾತು ಕನ್ನಡದಿಂದ ಹೋದದ್ದು ಎಂದು ವಿದ್ವಾಂಸರು ಹೇಳುತ್ತಾರೆ. ಅವರ ತುಪ್ಪ 'ತೂಪ್', ಅವರ ಮನೆಯ ಹಿರಿಯರು 'ಅಣ್ಣಾ', 'ಅಕ್ಕಾ'. ಇತ್ತ ನಮ್ಮ ಹುಬ್ಬಳ್ಳಿಯ ಖಾನಾವಳಿ, ಅಲ್ಲಿ ರೊಟ್ಟಿಯ ಜೊತೆ ಬಡಿಸುವ ಝುಣಕ, ಇವು ಅವರ ಕಡೆಯಿಂದ ಬಂದವು. ಪಕ್ಕದ ಮನೆಯವರು ಸಕ್ಕರೆ, ಕಾಫಿಪುಡಿ ಸಾಲ ಕೊಟ್ಟು ತೆಗೆದುಕೊಂಡ ಹಾಗೆ. ಯಾರು ಎಷ್ಟು ವಾಪಸ್ಸು ಕೊಡಬೇಕು ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಆ ಮುದುಕನ ಅಂಗಡಿಯಲ್ಲಿ ವಿಠ್ಠಲನ ಪಟವಿತ್ತು. ಆಷಾಢದಲ್ಲಿ ಆಳಂದಿಯಿಂದ ಜ್ಞಾನೇಶ್ವರರ ಪಲ್ಲಕ್ಕಿ, ದೇಹೂವಿನಿಂದ ತುಕಾರಾಮರ ಪಲ್ಲಕ್ಕಿ ಇದೇ ಪೇಟೆಗಳಿಗೆ ಬಂದು ತಂಗಿ, ಪಂಢರಪುರಕ್ಕೆ ಹೋಗುತ್ತವೆ. ಮರಾಠಿಯ ಮೊದಲ ದೊಡ್ಡ ಕವಿಗಳಲ್ಲೊಬ್ಬರಾದ ಜ್ಞಾನೇಶ್ವರರು ಏಳು ನೂರು ವರ್ಷಗಳ ಹಿಂದೆ ಒಂದು ಅಭಂಗದಲ್ಲಿ ಆ ವಿಠ್ಠಲನನ್ನು 'ಕಾನಡಾ' ಎಂದು ಕರೆದಿದ್ದಾರೆ. ಅದೇ ದೇವರನ್ನು ನಮ್ಮ ಪುರಂದರದಾಸರು ಕನ್ನಡದಲ್ಲಿ ಕರೆದರು. ದೇವರಿಗೆ ಗಡಿಯ ಜಗಳ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಮಂಡಈಯಿಂದ ಉತ್ತರಕ್ಕೆ ನಡೆದರೆ ದಗಡೂಶೇಠ ಗಣಪತಿಯ ಗುಡಿ. ಅದರ ಎದುರಿಗೆ ಭಿಡೆ ವಾಡೆ ಇತ್ತು. ನಮ್ಮ ತರಗತಿಯ ಹುಡುಗಿಯರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಆ ಮನೆಯಲ್ಲಿ. ಶಿಥಿಲವಾಗಿದ್ದ ಆ ಕಟ್ಟಡವನ್ನು ಸ್ಮಾರಕ ಕಟ್ಟುವ ಸಲುವಾಗಿ 2023ರ ಡಿಸೆಂಬರಿನಲ್ಲಿ ಕೆಡವಿದರು. ಕಲಿಸಲು ಹೋಗುವಾಗ ಸಾವಿತ್ರಿಬಾಯಿಯ ಮೇಲೆ ಜನ ಸಗಣಿ, ಕೆಸರು ಎಸೆಯುತ್ತಿದ್ದರಂತೆ. ಶಾಲೆಗೆ ಹೋಗಿ ಬದಲಿಸಿಕೊಳ್ಳಲು ಆಕೆ ಇನ್ನೊಂದು ಸೀರೆ ಇಟ್ಟುಕೊಳ್ಳುತ್ತಿದ್ದರು ಎಂದು ಹೇಳುತ್ತಾರೆ. ನಾಲ್ಕೇ ಜನ ಬಂದರು ಎಂದು ಮುಖ ಸಣ್ಣ ಮಾಡಿಕೊಂಡ ನನಗೆ ಅಲ್ಲಿ ಸ್ವಲ್ಪ ನಾಚಿಕೆಯಾಯಿತು.

ಇನ್ನೂ ಸ್ವಲ್ಪ ಮುಂದೆ ಲಾಲ್ ಮಹಲ್ ಮತ್ತು ಶನಿವಾರವಾಡೆ. ಈಗಿರುವ ಲಾಲ್ ಮಹಲ್ ಹಳೆಯದಲ್ಲ, ನೆನಪಿಗಾಗಿ ಹೊಸದಾಗಿ ಕಟ್ಟಿದ್ದು. ಮೂಲ ಮಹಲಿನಲ್ಲಿ ಜೀಜಾಬಾಯಿಯ ಜೊತೆ ಬಾಲಕ ಶಿವಾಜಿ ಬೆಳೆದರು. 1663ರಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಮೊಗಲ್ ಸರದಾರ ಶಾಯಿಸ್ತಾಖಾನನ ಮೇಲೆ ರಾತ್ರಿ ಎರಗಿದರು. ತಂದೆ ಶಹಾಜಿ ಆ ವರ್ಷಗಳಲ್ಲಿ ಹೆಚ್ಚಾಗಿ ಎಲ್ಲಿದ್ದರು ಗೊತ್ತೇ? ನಮ್ಮ ಬೆಂಗಳೂರಿನಲ್ಲಿ, ಬಿಜಾಪುರದ ಸುಲ್ತಾನರು ಕೊಟ್ಟ ಜಹಗೀರಿಯಲ್ಲಿ. 1664ರಲ್ಲಿ ಅವರು ತೀರಿಕೊಂಡದ್ದು ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ. ಸಮಾಧಿ ಇಂದಿಗೂ ಅಲ್ಲಿದೆ. ಹೆಂಡತಿ ಮಗ ಪುಣೆಯಲ್ಲಿ, ಅಪ್ಪ ಬೆಂಗಳೂರಿನಲ್ಲಿ! ಕೆಲಸಕ್ಕಾಗಿ ಒಂದು ಮನೆ ಎರಡು ಊರಾಗುವುದು ನಮ್ಮ ಕಾಲದಲ್ಲಿ ಶುರುವಾದದ್ದಲ್ಲ.

ಶನಿವಾರವಾಡೆಗೆ ಪೇಶ್ವೆ ಮೊದಲನೆಯ ಬಾಜೀರಾಯ ಅಡಿಗಲ್ಲು ಹಾಕಿದ್ದು 1730ರ ಜನವರಿ 10, ಶನಿವಾರ. 1828ರ ಬೆಂಕಿಯಲ್ಲಿ ಒಳಗಿನ ಅರಮನೆ ಸುಟ್ಟುಹೋಗಿ, ಈಗ ಕೋಟೆಗೋಡೆ, ಬಾಗಿಲುಗಳು ಮತ್ತು ಬುನಾದಿಯ ಕಲ್ಲುಗಳಷ್ಟೇ ಉಳಿದಿವೆ. ದಿಲ್ಲಿ ದರ್ವಾಜದ ಕದಕ್ಕೆ ಆನೆ ನುಗ್ಗದಂತೆ ಹೊಡೆದ ಕಬ್ಬಿಣದ ಮುಳ್ಳುಗಳನ್ನು ಕೈಯಿಂದ ಮುಟ್ಟಿ ನೋಡಿ. 1773ರಲ್ಲಿ ಹರೆಯದ ಪೇಶ್ವೆ ನಾರಾಯಣರಾವ್ ತನ್ನ ಕಾವಲಿನವರಿಂದಲೇ ಕೊಲೆಯಾದದ್ದು ಇದರೊಳಗೆ. ಈಗ ಆ ಹುಲ್ಲಿನ ಮೇಲೆ ಕಾಲೇಜು ಹುಡುಗರು ಕಡಲೆಕಾಯಿ ತಿನ್ನುತ್ತ ಕೂತಿರುತ್ತಾರೆ. ನಾನೂ ಕೂತೆ.

ಅಲ್ಲಿಂದ ಸೇತುವೆ ದಾಟಿದರೆ ಜಂಗಲಿ ಮಹಾರಾಜ ರಸ್ತೆ. ಗದ್ದಲದ ಆ ರಸ್ತೆಯ ಬದಿಯಲ್ಲಿ, ನೆಲಮಟ್ಟಕ್ಕಿಂತ ಕೆಳಗೆ, ಒಂದೇ ಕಪ್ಪು ಬಂಡೆಯಲ್ಲಿ ಕೊರೆದ ಪಾತಾಳೇಶ್ವರ ಗುಹೆ ಇದೆ. ಮೆಟ್ಟಿಲಿಳಿದ ಕೂಡಲೇ ಸ್ಕೂಟರುಗಳ ಸದ್ದು ತಲೆಯ ಮೇಲೇ ಉಳಿಯುತ್ತದೆ. ಅಂಗಳದಲ್ಲಿ ಕೊಡೆಯಂತೆ ದುಂಡಗಿನ ನಂದಿಮಂಟಪ, ಒಳಗೆ ದಪ್ಪ ಚೌಕದ ಕಂಬಗಳು, ತಣ್ಣಗೆ ಲಿಂಗ. ಕೆಲಸ ಅರ್ಧಕ್ಕೇ ನಿಂತಂತಿದೆ. ಉಳಿಯ ಗುರುತು ಹಾಗೆಯೇ ಇದೆ. ಎಂಟನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಅದೇ ಮನೆತನದ ಒಂದನೆಯ ಕೃಷ್ಣ ಎಲ್ಲೋರದ ಕೈಲಾಸ ಗುಡಿಯನ್ನು ಕೊರೆಸಿದವನು. ಕ್ರಿ.ಶ. 758 ಮತ್ತು 768ರ ಅವನ ಕಾಲದ ತಾಮ್ರಪಟಗಳಲ್ಲಿ 'ಪುಣ್ಯ ವಿಷಯ', 'ಪೂನಕ ವಿಷಯ' ಎಂಬ ಹೆಸರುಗಳಿವೆ. ಪುಣೆ ಎಂಬ ಹೆಸರಿಗೆ ಸಿಕ್ಕಿರುವ ಹಳೆಯ ದಾಖಲೆಗಳು ಇವೇ. ಆ ಪಟಗಳ ಭಾಷೆ ಸಂಸ್ಕೃತ, ಆದರೆ ಆ ಮನೆತನದವರು ಕನ್ನಡಕ್ಕೆ ಆಸರೆಯಾದವರು. ಕನ್ನಡದಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಹತ್ತನೆಯ ಶತಮಾನದಲ್ಲಿ ಮೂರನೆಯ ಕೃಷ್ಣ ದೂರದ ಮಧ್ಯಪ್ರದೇಶದ ಜುರಾದಲ್ಲಿ ಕನ್ನಡ ಶಾಸನವನ್ನೇ ಬರೆಸಿದ.

ಹಾಗೆಂದು ಯಾರ ಹತ್ತಿರವೂ ಹೋಗಿ "ಪುಣೆ ನಮ್ಮದು" ಎನ್ನಬೇಡಿ! ಪೆಟ್ಟು ತಿಂದರೆ ನಾನು ಹೊಣೆಯಲ್ಲ. ಊರು ಅಲ್ಲಿ ಬಾಳುವವರದು. ನನಗೆ ಆ ತಂಪಿನಲ್ಲಿ ಹೊಳೆದದ್ದು ಇಷ್ಟೆ: ಕನ್ನಡ ಕರ್ನಾಟಕದ ಗಡಿಯೊಳಗೇ ಇದ್ದ ಕಾಲ ಯಾವುದೂ ಇಲ್ಲ. ಆ ಗಡಿ 1956ರದ್ದು, ಮಾತು ಅದಕ್ಕಿಂತ ಬಹಳ ಹಳೆಯದು. ನಮ್ಮ ಹುಡುಗಿಯ ಪ್ರಶ್ನೆಯಲ್ಲಿದ್ದ 'ಹೊರಗೆ' ಎಂಬ ಮಾತು ಅಲ್ಲಿ ಸ್ವಲ್ಪ ಸಡಿಲವಾಯಿತು.

ಅದೇ ರಸ್ತೆಯಲ್ಲಿ ಬಾಲಗಂಧರ್ವ ರಂಗಮಂದಿರವಿದೆ, 1968ರಲ್ಲಿ ತೆರೆದದ್ದು. ಮರಾಠಿಗರಿಗೆ ಸಂಗೀತ ನಾಟಕವೆಂದರೆ ಪ್ರಾಣ. ಅದಕ್ಕೆ ರೂಪ ಕೊಟ್ಟವರು ಅಣ್ಣಾಸಾಹೇಬ ಕಿರ್ಲೋಸ್ಕರ್. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದರು. ಅವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದಕ್ಕೂ ಮೊದಲು, 1843ರಲ್ಲಿ, ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಮೊದಲ ಮರಾಠಿ ನಾಟಕ ಆಡಿದ್ದು ಕರ್ನಾಟಕದಿಂದ ಬಂದ ಯಕ್ಷಗಾನ ಮೇಳದ ಆಟ ನೋಡಿದ ಮೇಲೆ.

ಹೊಟ್ಟೆ ಹಸಿದಿತ್ತು. ಪಕ್ಕದ ಫರ್ಗ್ಯುಸನ್ ಕಾಲೇಜು ರಸ್ತೆಗೆ ಹೋದರೆ 'ವೈಶಾಲಿ'. ಪುಣೆಯಲ್ಲಿ ಓದಿದ ಯಾರನ್ನೇ ಕೇಳಿ, ಈ ಹೆಸರಿಗೆ ಮುಖ ಅರಳುತ್ತದೆ. ಅದನ್ನು ಬೆಳೆಸಿದ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯಿಂದ ಹುಡುಗನಾಗಿದ್ದಾಗಲೇ ಬಂದು ಹೋಟೆಲು ಕೆಲಸ ಕಲಿತವರು, 2023ರಲ್ಲಿ ತೀರಿಕೊಂಡರು. ಸರದಿಯಲ್ಲಿ ಕಾದು ಒಂದು ಮಸಾಲೆ ದೋಸೆ, ಒಂದು ಪ್ಲೇಟು ಸೇವು ಬಟಾಟೆ ದಹಿ ಪುರಿ ತಿಂದೆ. ಎರಡನೆಯದು ಉಡುಪಿಯದಲ್ಲ, ಪುಣೆಯ ನಾಲಿಗೆಯದು. ಬೇರೆ ಊರಿನಲ್ಲಿ ಬದುಕು ಕಟ್ಟುವವರು ತಮ್ಮ ದೋಸೆಯನ್ನೂ ಬಿಡಬಾರದು, ಆ ಊರಿನ ರುಚಿಯನ್ನೂ ಕಲಿಯಬೇಕು ಎಂದು ಆ ಮೇಜೇ ಹೇಳುವಂತಿತ್ತು.

ರಸ್ತೆಗೆ ಹೆಸರು ಕೊಟ್ಟ ಫರ್ಗ್ಯುಸನ್ ಕಾಲೇಜು 1885ರದ್ದು. ಒಂದು ಕಾಲಕ್ಕೆ ಧಾರವಾಡ, ಬೆಳಗಾವಿ, ವಿಜಾಪುರಗಳೆಲ್ಲ ಮುಂಬಯಿ ಪ್ರಾಂತದಲ್ಲಿದ್ದವು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗುವ ತನಕ ಆ ಕಡೆಯ ಹುಡುಗರು ಬಿ.ಎ. ಓದಲು ಹೆಚ್ಚಾಗಿ ಪುಣೆಗೋ ಮುಂಬಯಿಗೋ ಬರಬೇಕಿತ್ತು. 'ಕರ್ನಾಟಕ ಗತವೈಭವ' ಬರೆದು ಕನ್ನಡ ನಾಡು ಒಂದಾಗಲಿ ಎಂದು ಜೀವ ತೇಯ್ದ ಆಲೂರು ವೆಂಕಟರಾಯರು ಇಲ್ಲಿ ಓದಿದರು. ದ.ರಾ. ಬೇಂದ್ರೆ 1918ರಲ್ಲಿ ಇಲ್ಲಿಂದಲೇ ಬಿ.ಎ. ಮಾಡಿದರು. ವಿ.ಕೃ. ಗೋಕಾಕರು ಮುಂದೆ ಇಲ್ಲಿ ಇಂಗ್ಲಿಷ್ ಕಲಿಸಿದರು. ಬೇಂದ್ರೆಯವರ ಮನೆಮಾತು ಮರಾಠಿ! ಮನೆಯಲ್ಲಿ ಒಂದು ಭಾಷೆ ಆಡಿ ಬೆಳೆದ ಹುಡುಗ ಬೀದಿಯ, ನೆರೆಮನೆಯ ಭಾಷೆಯಲ್ಲಿ ಬರೆದು 1973ರಲ್ಲಿ ಜ್ಞಾನಪೀಠ ಪಡೆದ. "ನನ್ನ ಕನ್ನಡ ಸರಿಯಿಲ್ಲ, ನನಗೆ ಬರೋದಿಲ್ಲ" ಎಂದು ಸಂಘದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲು ಹಿಡಿಯುವವರು ಇದನ್ನು ಸ್ವಲ್ಪ ಯೋಚಿಸಿ.

ಅಲ್ಲಿಂದ ಲಾ ಕಾಲೇಜು ರಸ್ತೆ. ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಇಲ್ಲಿದೆ, 1917ರಲ್ಲಿ ಹುಟ್ಟಿದ್ದು. ನೂರಾರು ಹಸ್ತಪ್ರತಿಗಳನ್ನು ಹೋಲಿಸಿ ಮಹಾಭಾರತದ ಪರಿಷ್ಕೃತ ಪಾಠವನ್ನು 1919ರಿಂದ 1966ರವರೆಗೆ ಕೂತು ಸಿದ್ಧಮಾಡಿದ ಜಾಗ. ಅದೇ ರಸ್ತೆಯಲ್ಲಿ ಮುಂದೆ, ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ, ಫಿಲ್ಮ್ ಇನ್‌ಸ್ಟಿಟ್ಯೂಟ್. 1974-75ರಲ್ಲಿ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿ ಅಲ್ಲಿ ಕಲಿತು ಬಂದು 1977ರಲ್ಲಿ 'ಘಟಶ್ರಾದ್ಧ' ಮಾಡಿ ಸ್ವರ್ಣಕಮಲ ಗೆದ್ದರು. ನಾನು ಗೇಟಿನ ಹೊರಗಿನಿಂದಲೇ ಮರಗಳನ್ನು ನೋಡಿ ಮುಂದೆ ನಡೆದೆ. ಎರಂಡವಣೆಯ ಗಣೇಶನಗರದಲ್ಲಿ ಪುಣೆಯ ಕನ್ನಡ ಸಂಘದ ಕನ್ನಡ ಶಾಲೆಯಿದೆ. ನಮ್ಮದು ವಾರಕ್ಕೊಮ್ಮೆ ಬಾಡಿಗೆಯ ಕೋಣೆ, ಮಡಚುವ ಕುರ್ಚಿ. ಅವರದು ಬೆಂಚು ಗಂಟೆಗಳಿರುವ ನಿಜವಾದ ಶಾಲೆ. ಹೊಟ್ಟೆಕಿಚ್ಚುಪಟ್ಟೆ ಎಂದು ಒಪ್ಪಿಕೊಳ್ಳುತ್ತೇನೆ.

ಮತ್ತೆ ನದಿ ದಾಟಿ ಬಂದಾಗ ಮೂರೂವರೆ. ಕಾಲು ಸೋತಿತ್ತು. ಪೇಟೆಯ ಒಂದು ಗಲ್ಲಿಯಲ್ಲಿ ಆರೇಳು ಮೇಜುಗಳ ಸಣ್ಣ ಹೋಟೆಲು ಕಂಡಿತು. ಗಲ್ಲಾಪೆಟ್ಟಿಗೆಯ ಮೇಲೆ ಕಟೀಲು ದುರ್ಗಾಪರಮೇಶ್ವರಿಯ ಫೋಟೋ. ಎರಡು ಇಡ್ಲಿ, ಒಂದು ಕಾಫಿ ಹೇಳಿ, ಗಲ್ಲೆಯಲ್ಲಿ ಕೂತಿದ್ದ ಹುಡುಗನನ್ನು ಕನ್ನಡದಲ್ಲೇ ಕೇಳಿದೆ, "ಊರು ಯಾವುದಪ್ಪಾ?"

ಇಪ್ಪತ್ತೆರಡು ವರ್ಷವಿರಬಹುದು, ನಿಮ್ಮಲ್ಲಿ ದೊಡ್ಡವರ ವಯಸ್ಸು. ಸ್ವಲ್ಪ ಸಂಕೋಚದಿಂದ ಹೇಳಿದ: "ಅಜ್ಜನ ಊರು ಕಾರ್ಕಳದ ಹತ್ತಿರ. ಮನೆಯಲ್ಲಿ ತುಳು. ಕನ್ನಡ ಕೇಳಿದರೆ ಗೊತ್ತಾಗ್ತದೆ, ಮಾತಾಡ್ಲಿಕ್ಕೆ ಸ್ವಲ್ಪ ಸ್ವಲ್ಪ. ಓದ್ಲಿಕ್ಕೆ ಬರುವುದಿಲ್ಲ." ನಾನು ಕನ್ನಡ ಕಲಿಸುವವಳು ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಒಳಗೆ ಹೋಗಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯ ಪುಸ್ತಕ ತಂದ. ಅಜ್ಜನ ಲೆಕ್ಕದ ಪುಸ್ತಕ. ಪ್ರತಿ ದೀಪಾವಳಿಗೆ ಪೂಜೆಗೆ ಇಡುತ್ತಾರಂತೆ. "ಇದರಲ್ಲಿ ಏನುಂಟು ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಅಪ್ಪನೂ ಮರಾಠಿ ಶಾಲೆ. ಆಂಟಿ, ಒಂದು ಪುಟ ಓದಿ ಹೇಳ್ತೀರಾ?"

ಹಾಳೆ ಹಳದಿಯಾಗಿತ್ತು, ಮಸಿ ಕಂದು. 1968ರ ಲೆಕ್ಕ. ಅಕ್ಕಿ, ಉದ್ದು, ತೆಂಗಿನಕಾಯಿ, ಸೌದೆ. ಅಂಕಿಗಳೆಲ್ಲ ಕನ್ನಡದವು. ಅವು ಅಂಕಿಗಳು ಎಂಬುದೇ ಅವನಿಗೆ ಗೊತ್ತಿರಲಿಲ್ಲ, ಅಕ್ಷರಗಳೆಂದುಕೊಂಡಿದ್ದ. ಓದುತ್ತ ಹೋದೆ. "ಊರಿಗೆ ಮನಿಯಾರ್ಡರ್, ೪೦ ರೂಪಾಯಿ." ಮುಂದಿನ ತಿಂಗಳೂ ೪೦. ಅದರ ಮುಂದಿನ ತಿಂಗಳು ೨೫, ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ವ್ಯಾಪಾರ ಕಡಿಮೆ". ಮಳೆಗಾಲದ ಒಂದು ದಿನ, ಹಾಲಿನ ಲೆಕ್ಕ ಮತ್ತು ಸಕ್ಕರೆಯ ಲೆಕ್ಕದ ನಡುವೆ: "ಮಗುವಿಗೆ ಜ್ವರ. ಔಷಧಿ ೩-೫೦. ರಾತ್ರಿ ಇಡೀ ನಿದ್ರೆ ಇಲ್ಲ."

ಹುಡುಗ ಕೇಳಿದ, "ಯಾವ ವರ್ಷ ಅಂದ್ರಿ?" ಮತ್ತೆ ಹೇಳಿದೆ. ಅವನು ಬೆರಳಲ್ಲಿ ಎಣಿಸಿದ. "ಅದು ನನ್ನ ಅಪ್ಪ" ಎಂದ.

ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಒಳಗೆ ದೋಸೆಕಲ್ಲಿನ ಮೇಲೆ ನೀರು ಚುಂಯ್ ಎಂದಿತು. ಅವನು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಇದ್ದ. ನಾನು ಬಿಲ್ಲಿನ ಹಿಂಬದಿಯಲ್ಲಿ ೧ರಿಂದ ೧೦ರವರೆಗೆ ಬರೆದು, ಪಕ್ಕದಲ್ಲಿ ಮರಾಠಿ ಅಂಕಿ ಬರೆದುಕೊಟ್ಟೆ. "ಎರಡು, ಮೂರು ನಮ್ಮ ಹಾಗೇ ಉಂಟಲ್ಲ!" ಎಂದ. ನಾನು ಹೊರಡುವಾಗ ಅವನು ಒಬ್ಬನೇ ಪುಟ ತಿರುಗಿಸುತ್ತ, ಊರಿಗೆ ಹೋದ ಹಣವನ್ನು ಕೂಡಿಸುತ್ತಿದ್ದ. ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ನವಿ ಪೇಠದ ಕಡೆ ನಡೆದೆ. ಭೀಮಸೇನ ಜೋಶಿಯವರು ಬಾಳಿದ ಬೀದಿಗಳಲ್ಲಿ ಸ್ವಲ್ಪ ಹೊತ್ತು ಅಡ್ಡಾಡುವ ಆಸೆ. 1922ರಲ್ಲಿ ಗದಗಿನ ಕಡೆ ಹುಟ್ಟಿ, ಗುರುವನ್ನು ಹುಡುಕಿಕೊಂಡು ಹನ್ನೊಂದನೆಯ ವಯಸ್ಸಿಗೇ ಮನೆ ಬಿಟ್ಟು ರೈಲು ಹತ್ತಿದ ಹುಡುಗ. ನಿಮ್ಮ ಚೀಲ ಹೊತ್ತ ಯಾತ್ರೆಗಳಿಗೆಲ್ಲ ಅವರೇ ಹಿರಿಯಣ್ಣ! ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತು, ಪುಣೆಯಲ್ಲಿ ನೆಲೆನಿಂತು, 1952ರಲ್ಲಿ ಗುರುಗಳು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ 1953ರಲ್ಲಿ ಸಂಗೀತೋತ್ಸವ ಶುರುಮಾಡಿದರು. ಇಂದಿಗೂ ಡಿಸೆಂಬರಿನಲ್ಲಿ ಪುಣೆ ಅದಕ್ಕಾಗಿ ಕಾಯುತ್ತದೆ. ಒಬ್ಬ ಕನ್ನಡಿಗ ಗುರುವಿನ ನೆನಪಿಗೆ ಮರಾಠಿಗರು ಸಾವಿರಗಟ್ಟಲೆ ಕೂಡುತ್ತಾರೆ. ಭೀಮಸೇನರು ಅದೇ ಕಂಠದಲ್ಲಿ ಕನ್ನಡದ ದಾಸರ ಪದಗಳನ್ನೂ ಮರಾಠಿಯ ಅಭಂಗಗಳನ್ನೂ ಹಾಡಿದರು. 2008ರಲ್ಲಿ ಭಾರತರತ್ನ ಘೋಷಣೆಯಾಯಿತು, 2011ರ ಜನವರಿಯಲ್ಲಿ ಪುಣೆಯಲ್ಲೇ ತೀರಿಕೊಂಡರು. ಎರಡು ಭಾಷೆ ಇಟ್ಟುಕೊಂಡರೆ ಒಂದು ಕೆಡುತ್ತದೆ ಎನ್ನುವವರು ಅವರ ಎರಡೂ ಧ್ವನಿಮುದ್ರಿಕೆಗಳನ್ನು ಒಂದಾದ ಮೇಲೊಂದು ಕೇಳಲಿ.

ಕತ್ತಲಾಗುವ ಹೊತ್ತಿಗೆ ಸ್ವಾರಗೇಟಿಗೆ ಮರಳಿ, ಮುಂಬಯಿ ಬಸ್ಸು ಹತ್ತಿದೆ. ಬೆಳಗಿನ ಜಾಗದಲ್ಲಿ ಆ ಯಾದಗಿರಿಯ ಗುಂಪು ಇರಲಿಲ್ಲ; ಕೆಲಸ ಸಿಕ್ಕಿರಬೇಕು. ಬಸ್ಸಿನಲ್ಲಿ ಕೂತು ಅವಳ ಮಗನನ್ನೂ ಹೋಟೆಲಿನ ಹುಡುಗನನ್ನೂ ಜೊತೆಯಲ್ಲಿಟ್ಟು ಯೋಚಿಸಿದೆ. ಮನೆಯೊಳಗಿನ ಮಾತು ಒಂದು ತಲೆಮಾರು ಬರುತ್ತದೆ. ಅಕ್ಷರವಿಲ್ಲದಿದ್ದರೆ ಎರಡನೆಯ ತಲೆಮಾರಿಗೆ ಅಜ್ಜನ ಕೈಬರಹ ಪೂಜೆಯ ವಸ್ತುವಾಗುತ್ತದೆ, ಅರಿಶಿನ ಕುಂಕುಮ ಹಚ್ಚಿ ಮತ್ತೆ ಕಪಾಟಿಗೆ. ರಾಷ್ಟ್ರಕೂಟರು, ಬೇಂದ್ರೆ, ಭೀಮಸೇನರು ದೊಡ್ಡ ಮಾತು. ಅವರಿಗಾಗಿ ನೀವು ಒತ್ತಕ್ಷರ ಕಲಿಯಬೇಕು ಎಂದು ನಾನು ಇನ್ನು ಹೇಳುವುದಿಲ್ಲ. ಇಂಗ್ಲಿಷಿನಲ್ಲೂ ಅವರ ಬಗ್ಗೆ ಓದಬಹುದು. "ರಾತ್ರಿ ಇಡೀ ನಿದ್ರೆ ಇಲ್ಲ" ಎಂಬ ಆ ಒಂದು ಸಾಲನ್ನು ಮಾತ್ರ ಬೇರೆ ಯಾರೂ ನಿಮಗಾಗಿ ಅನುವಾದ ಮಾಡಿಡುವುದಿಲ್ಲ.

ಪ್ರಶ್ನೆ ಕೇಳಿದ ಹುಡುಗಿಗೆ ನನ್ನ ಉತ್ತರ ಅದು. ಸಾಲದು ಎನಿಸಿದರೆ ಮತ್ತೆ ಕೇಳು ಮಗಳೇ, ಜಗಳವಾಡೋಣ.

ಈಗ ನಿಮಗೊಂದು ಮನೆಗೆಲಸ. ನಿಮ್ಮ ಮನೆಯ ಯಾವುದೋ ಪೆಟ್ಟಿಗೆಯಲ್ಲಿ ಅಜ್ಜ ಅಜ್ಜಿಯ ನೀಲಿ ಬಣ್ಣದ ಅಂಚೆಕಾಗದಗಳು ಇರುತ್ತವೆ. ಅಪ್ಪ ಅಮ್ಮ ಈ ದೇಶಕ್ಕೆ ಬಂದ ಹೊಸತರಲ್ಲಿ ಊರಿನಿಂದ ಬಂದವು. ಅವರನ್ನು ಕೇಳಿ, ಒಂದನ್ನು ಹುಡುಕಿ ತನ್ನಿ. ಮುಂದಿನ ಭಾನುವಾರ ಪಠ್ಯಪುಸ್ತಕ ಬೇಡ, ಆ ಕಾಗದವನ್ನೇ ಕೂಡಿ ಓದೋಣ. ಅಕ್ಷರ ಗೊತ್ತಾಗದಿದ್ದರೆ ನಾನಿದ್ದೇನೆ.

ಎಷ್ಟು ಜನ ಬರುತ್ತೀರೋ ನನಗೆ ಗೊತ್ತಿಲ್ಲ. ಕುರ್ಚಿ ಮಾತ್ರ ಹನ್ನೆರಡೇ ಹಾಕಿರುತ್ತೇನೆ.